ಬೀಗರ ಪಟ್ಟಿಯಲ್ಲಿ ಶ್ರೀಕಾರ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆಮೇಲೆ ಬೇರೆಯವರ ಬಾಯಿಂದ ಕೇಳಿ ‘ಓ, ಇವನೇನಾ ಅವನು’ ಎನ್ನುವುದು ಬೇಡ. ಹುಬ್ಬಳ್ಳಿಯ ಒಂದು ಸಣ್ಣ ಇಂಟರ್ನೆಟ್ ಕಂಪನಿಯಲ್ಲಿ ಮೇಲ್ ಸರ್ವರ್ ಕಾಯುತ್ತಿದ್ದಾಗ ನಾನು ಎರಡು ಮೂರ್ಖತನ ಮಾಡಿದೆ. ತಲೆಯ ಮೇಲೆ ಶ್ರೀ ಎಂದು ಬರೆದ ಯಾವ ಮೇಲ್ ಬಂದರೂ ಕಣ್ಣುಮುಚ್ಚಿ ಒಳಗೆ ಬಿಡು ಎಂದು ಯಂತ್ರಕ್ಕೆ ಕಟ್ಟಪ್ಪಣೆ ಮಾಡಿದ್ದು ಒಂದು. ಫೋನ್ ಎತ್ತಿಕೊಂಡು ನಮ್ಮ ಸಾಹೇಬರ ಧ್ವನಿಯಲ್ಲಿ ಗಿರಾಕಿಗಳ ಜೊತೆ ಮಾತಾಡಿದ್ದು ಇನ್ನೊಂದು. ಬೇರೆ ಬೇರೆ ವರ್ಷಗಳಲ್ಲಿ ಮಾಡಿದ್ದರೆ ನಕ್ಕು ಮರೆಯಬಹುದಿತ್ತು. ಎರಡೂ ಒಂದೇ ವಾರದಲ್ಲಿ, ಒಬ್ಬರೇ ಹೆಣ್ಣುಮಗಳ ಮೇಲೆ ಹೋಗಿ ಬಿದ್ದವು.

ನಾನೀಗ ನಿವೃತ್ತ. ನಿವೃತ್ತ ಎಂದರೆ ನೀವು ಕೋಲು, ಮಫ್ಲರು, ಮುಂಜಾನೆಯ ವಾಕಿಂಗು ಎಂದುಕೊಳ್ಳುತ್ತೀರಿ. ನನಗೆ ಮೂವತ್ತಾರು. ನಾನು ನಿವೃತ್ತನಾಗಲಿಲ್ಲ, ನನ್ನ ಕೆಲಸ ನಿವೃತ್ತವಾಯಿತು. ಊರಿನವರ ಮೇಲ್‌ಗಳೆಲ್ಲ ಒಂದೊಂದಾಗಿ ದೊಡ್ಡ ದೊಡ್ಡ ಕಂಪನಿಗಳ ಯಂತ್ರಗಳಿಗೆ ಹೊರಟುಹೋದವು. ನಾನು ಹನ್ನೆರಡು ವರ್ಷ ಒರೆಸಿ, ಊದಿ, ಬೈದು ಸಾಕಿದ ಸರ್ವರನ್ನು ಗುಜರಿಯವನು ಹಳೆಯ ಫ್ರಿಜ್ಜಿನ ಪಕ್ಕ ಮಲಗಿಸಿಕೊಂಡು ಒಯ್ದ. ಆ ದಿನ ಸಾಹೇಬರು ನನಗೆ ಶಾಲು ಹೊದಿಸಿದರು. ಮೇ ತಿಂಗಳು, ಹುಬ್ಬಳ್ಳಿ, ಕರೆಂಟು ಇಲ್ಲ. ಸನ್ಮಾನ ಎಂದರೆ ಶಿಕ್ಷೆಯೂ ಆಗಬಲ್ಲದು ಎಂದು ಗೊತ್ತಾಯಿತು.

ಈಗ ಈ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ಬಂದು, ‘ಅಣ್ಣಾ, ಹೆಡರ್ ಓದೋದು ಹೆಂಗ ಹೇಳಿಕೊಡ್ರಿ’ ಎನ್ನುತ್ತಾರೆ. ಅವರ ಪುಸ್ತಕಗಳಲ್ಲಿ ಎಲ್ಲ ಇದೆ. ಪುಸ್ತಕದಲ್ಲಿ ಇಲ್ಲದ್ದು ಎದೆ ಧಸ್ಸೆನ್ನುವುದು. ಅದನ್ನು ನಾನು ಬರೆಯುತ್ತೇನೆ.

ಎರಡು ಸಾವಿರದ ಇಸವಿಯ ಈಚೆಗೆ, ಊರಿನ ಅಂಗಡಿ, ಸಾಲಿ, ದವಾಖಾನೆಗಳಿಗೆಲ್ಲ ಇಮೇಲ್ ಬೇಕೆನಿಸಿದ ಕಾಲ. ನಮ್ಮ ಆಫೀಸು ಒಂದು ಗಿರಮಿಟ್ ಅಂಗಡಿಯ ಮೇಲಿನ ಎರಡು ಕೋಣೆ. ಕೆಳಗೆ ಒಗ್ಗರಣೆ ಬಿದ್ದಾಗಲೆಲ್ಲ ಮೇಲೆ ನಾವು ಸೀನುತ್ತಿದ್ದೆವು. ಸಾಹೇಬರು ಹೊಸಮನಿ ಸರ್. ಅಂಚೆ ಇಲಾಖೆಯಲ್ಲಿ ಕಾಗದ ವಿಂಗಡಿಸುವ ವಿಭಾಗದಲ್ಲಿ ಮೂವತ್ತು ವರ್ಷ ದುಡಿದು, ನಿವೃತ್ತರಾಗಿ, ತಮ್ಮ ಅಳಿಯನ ಈ ಕಂಪನಿಗೆ ಮ್ಯಾನೇಜರಾಗಿ ಬಂದವರು. ಕಂಪ್ಯೂಟರಿನ ಮೌಸನ್ನು ಅವರು ಹಿಡಿಯುತ್ತಿದ್ದುದು ರಬ್ಬರ್ ಸ್ಟಾಂಪು ಹಿಡಿದಂತೆ. ಎತ್ತಿ ಎತ್ತಿ ಕುಟ್ಟುತ್ತಿದ್ದರು.

ಅವರ ಮಾತಿಗೆ ಒಂದು ಕ್ರಮವಿತ್ತು. ಮೊದಲು ಒಂದು ಕೆಮ್ಮು. ಆಮೇಲೆ ‘ಏನಪಾ ಅಂದ್ರ’. ಆಮೇಲೆ ವಿಷಯ. ನಾನು ಕೆಲಸಕ್ಕೆ ಸೇರಿದ ಮೂರನೆಯ ದಿನಕ್ಕೇ ಕೆಮ್ಮು ಕಲಿತೆ, ವಾರದಲ್ಲಿ ‘ಏನಪಾ ಅಂದ್ರ’ ಕಲಿತೆ. ಚಿಕ್ಕಂದಿನಿಂದ ನನಗೆ ಇದೇ ರೋಗ. ಮನೆಗೆ ಬಂದವರು ಮೆಟ್ಟಿಲು ಇಳಿಯುವ ಮೊದಲೇ ಅವರ ಮಾತು ನನ್ನ ಬಾಯಲ್ಲಿ ಇರುತ್ತಿತ್ತು. ಅವ್ವ, ‘ನಿನ್ನ ಸ್ವಂತ ಧ್ವನಿ ಯಾವುದಲೇ ಪರಶ್ಯಾ, ಒಮ್ಮೆ ಕೇಳಿಸು’ ಎನ್ನುತ್ತಿದ್ದಳು. ಇದೇ ಅದು ಎಂದರೆ ನಂಬುತ್ತಿರಲಿಲ್ಲ.

ಕೆಲಸದ ಮೊದಲ ಆಘಾತ ಹೀಗಾಯಿತು. ಒಂದು ಬೆಳಿಗ್ಗೆ ಹೊಸಮನಿ ಸರ್ ಕೆಮ್ಮದೆಯೇ ಕರೆದರು. ಅಷ್ಟರಲ್ಲೇ ನನಗೆ ಅನುಮಾನ ಬರಬೇಕಿತ್ತು.

“ಪರಶ್ಯಾ, ಬಾ ಇಲ್ಲಿ. ಈ ಮೇಲ್ ಯಾರು ಕಳಿಸ್ಯಾರ ಓದು.”

“ನೀವ ಕಳಿಸೀರಿ ಸರ್.”

“ಯಾರಿಗೆ?”

“ನಿಮಗ.”

“ಏನಂತ?”

ಓದಿದೆ. ಜೋರಾಗಿ ಓದಬಾರದಿತ್ತು. ಗಂಡಸರ ಗುಳಿಗೆ, ವೈದ್ಯರ ಚೀಟಿ ಬೇಡ, ಮನೆ ಬಾಗಿಲಿಗೆ ಗುಟ್ಟಾಗಿ ಬರುತ್ತದೆ. ಕೆಳಗೆ ಒಂದು ಹೆಣ್ಣಿನ ಚಿತ್ರ, ಆಕೆಗೆ ಬಹಳ ಸೆಕೆಯಾಗಿತ್ತೆಂದು ಕಾಣುತ್ತದೆ. ಹೊಸಮನಿ ಸರ್ ಕಿವಿಯವರೆಗೆ ಕೆಂಪಾದರು.

“ನಮ್ಮನಿಯಾಕಿ ನೋಡಿದ್ರ ಏನಂತ ಹೇಳ್ಲೆಪಾ? ನನಗ ನಾನ ಮಾರಾಕತ್ತೇನಿ ಅಂತೇನು?”

ನಾನು ದಂಗು. ಏಕೆಂದರೆ ಆ ಮೇಲನ್ನು ಒಳಗೆ ಬಿಟ್ಟವನು ನಾನೇ. ಬೇಡದ ಮೇಲ್‌ಗಳನ್ನು ಸೋಸಲು ನಮ್ಮಲ್ಲಿ ಒಂದು ಪ್ರೋಗ್ರಾಂ ಇತ್ತು. ಅದು ಅನುಮಾನ ಬಂದ ಮೇಲ್‌ಗಳನ್ನು ಹಿಡಿದು ಬೇರೆ ಪೆಟ್ಟಿಗೆಗೆ ಹಾಕುತ್ತಿತ್ತು. ಆ ಪೆಟ್ಟಿಗೆಗೆ ನಾವು ಠಾಣೆ ಎನ್ನುತ್ತಿದ್ದೆವು. ಯಾರನ್ನು ಹಿಡಿಯಬಾರದು, ತಪಾಸಣೆಯಿಲ್ಲದೆ ಒಳಗೆ ಬಿಡಬೇಕು ಎಂಬುದಕ್ಕೆ ಒಂದು ಪಟ್ಟಿ. ಇಂಗ್ಲಿಷಿನವರು ವೈಟ್‌ಲಿಸ್ಟ್ ಎನ್ನುತ್ತಾರೆ. ನಾನು ಅದಕ್ಕೆ ಬೀಗರ ಪಟ್ಟಿ ಎಂದು ಹೆಸರಿಟ್ಟಿದ್ದೆ. ಮದುವೆ ಮಂಟಪದಲ್ಲಿ ಬೀಗರನ್ನು ಯಾರಾದರೂ ‘ನೀವು ಯಾರ ಪೈಕಿ’ ಎಂದು ಕೇಳುತ್ತಾರೆಯೆ? ನಮ್ಮದೇ ಆಫೀಸಿನ ಹೆಸರಿನಿಂದ ಬಂದ ಮೇಲ್ ಎಲ್ಲ ಬೀಗರೇ ಎಂದು ನಾನು ಬರೆದಿಟ್ಟಿದ್ದೆ. ಎಲ್ಲಿಯೋ ಕುಳಿತ ಗುಳಿಗೆ ಮಾರುವವನು ಅದನ್ನು ಊಹಿಸಿ, ಕಳಿಸಿದವರ ಜಾಗದಲ್ಲಿ ಹೊಸಮನಿ ಸರ್ ಹೆಸರನ್ನೇ ಬರೆದು ಕಳಿಸಿದ್ದ. ಊರಿಗೆಲ್ಲ ಮಿಮಿಕ್ರಿ ಮಾಡುವ ನನಗೇ ಒಬ್ಬ ಮಿಮಿಕ್ರಿ ಮಾಡಿ ಹೋಗಿದ್ದ.

ಹೊಸಮನಿ ಸರ್ ಡ್ರಾಯರಿನಿಂದ ಒಂದು ಹಳೆಯ ಲಕೋಟೆ ತೆಗೆದರು. ಒಳಗಿನ ಕಾಗದ ಎಂದೋ ಕಳೆದುಹೋಗಿತ್ತು, ಲಕೋಟೆ ಮಾತ್ರ ಉಳಿಸಿಕೊಂಡಿದ್ದರು. ಈಗ ಕೆಮ್ಮಿದರು.

“ಏನಪಾ ಅಂದ್ರ, ಕಾಗದದ ಕೊನಿಗೆ ‘ಇಂತಿ ನಿಮ್ಮ ಮಗ’ ಅಂತ ಯಾರ ಬೇಕಾದ್ರೂ ಬರೀಬಹುದು. ಅದನ್ನ ನೋಡಿ ಮಗ ಬರದಾನ ಅಂತ ನಂಬ್ತಿಯೇನು? ಠಸ್ಸೆ ನೋಡು. ಯಾವ ಊರಾಗ ಹೊಡದಾರ, ಯಾವತ್ತ ಹೊಡದಾರ. ಅದನ್ನ ಬರದವ ಹೊಡಿಯಾಂಗಿಲ್ಲ, ಅಂಚಿಯವನ ಹೊಡೀಬೇಕು. ನಿನ್ನ ಮೇಲಿಗೆ ಠಸ್ಸೆ ಇರತೈತೋ ಇಲ್ಲೋ?”

ಇತ್ತು. ಪ್ರತಿ ಮೇಲಿನ ಬೆನ್ನಿಗೆ ಓದುಗರಿಗೆ ಕಾಣದ ಇಪ್ಪತ್ತು ಮೂವತ್ತು ಸಾಲು ಇರುತ್ತವೆ. ಅದೇ ಹೆಡರ್. ಮೇಲ್ ಹಾದುಬರುವ ಪ್ರತಿಯೊಂದು ಯಂತ್ರವೂ ‘ನನಗೆ ಇಂಥವನಿಂದ, ಇಷ್ಟು ಹೊತ್ತಿಗೆ ತಲುಪಿತು’ ಎಂದು ಅಲ್ಲಿ ಒಂದು ಸಾಲು ಒತ್ತುತ್ತದೆ. ಹಳೆಯದು ಕೆಳಗೆ, ಹೊಸದು ಮೇಲೆ. ಎಲ್ಲಕ್ಕಿಂತ ಮೇಲಿನದು ನಮ್ಮದೇ ಯಂತ್ರ ಒತ್ತಿದ ಠಸ್ಸೆ. ಅದರಲ್ಲಿ ಬಾಗಿಲಿಗೆ ಬಂದ ಯಂತ್ರದ ನಂಬರು ಇರುತ್ತದೆ, ಅದೊಂದೇ ಖರೆ. ಕೆಳಗಿನ ಠಸ್ಸೆಗಳನ್ನೂ ಕಳ್ಳ ಮೊದಲೇ ತಯಾರಿಸಿ ಅಂಟಿಸಿರಬಹುದು. ಗುಳಿಗೆಯವನ ಮೇಲ್ ತೆಗೆದು ನೋಡಿದರೆ, ಹೆಸರು ಹೊಸಮನಿ, ಬಾಗಿಲಿಗೆ ಬಂದ ಯಂತ್ರ ಸಮುದ್ರದಾಚೆಯ ಯಾವುದೋ ದೇಶದ್ದು.

ಇಷ್ಟು ಪಾಠ ಆದ ಮೇಲೆ ಬುದ್ಧಿವಂತನಾದವನು ಏನು ಮಾಡಬೇಕು? ಠಸ್ಸೆ ನೋಡಿ ಬೀಗರ ಪಟ್ಟಿ ಬರೆಯಬೇಕು. ಅದು ಬೇಸರದ ಕೆಲಸ. ಒಬ್ಬೊಬ್ಬ ಗಿರಾಕಿಗೂ ಮೇಲ್ ಎಲ್ಲಿಂದ ಬರುತ್ತದೆ ಎಂದು ಕೂತು ಓದಬೇಕು. ನಾನು ಬುದ್ಧಿವಂತನಲ್ಲ, ಚುರುಕಿನವನು. ಎರಡಕ್ಕೂ ಬಹಳ ಅಂತರವಿದೆ.

ಗಬ್ಬೂರಿನ ಬೈಪಾಸ್ ಹತ್ತಿರ ನಮ್ಮ ಗಿರಾಕಿಯೊಬ್ಬರ ಲಾರಿ ಆಫೀಸಿತ್ತು. ಅಲ್ಲಿನ ಗುಮಾಸ್ತ ಬಸಣ್ಣ. ಆತ ಟೈಪು ಮಾಡುವುದೆಲ್ಲ ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ. ಚಿಕ್ಕ ಅಕ್ಷರಗಳಲ್ಲಿ ಬರೆದರೆ ಗಿರಾಕಿ ಮರ್ಯಾದೆ ಕೊಡುವುದಿಲ್ಲ ಎಂದು ಆತನ ನಂಬಿಕೆ. ಲಾರಿ ಖಾಲಿ ಇದ್ದರೆ ಊರೂರಿನ ದಲಾಲರಿಗೆ ಮೇಲ್ ಹಾಕುತ್ತಿದ್ದ. ಅವರೂ ಅದೇ ಶೈಲಿಯಲ್ಲಿ ಉತ್ತರಿಸುತ್ತಿದ್ದರು. ‘ಲಾರಿ ಫ್ರೀ, ಟುಡೇ ಫ್ರೀ, ಅರ್ಜೆಂಟ್’, ಕೊನೆಗೆ ಆರು ಉದ್ಗಾರ ಚಿಹ್ನೆ. ನಮ್ಮ ಸೋಸುವ ಪ್ರೋಗ್ರಾಮು ಪ್ರತಿ ಮೇಲಿಗೆ ಅಂಕ ಹಾಕುತ್ತದೆ, ಅಲ್ಲಿ ಹೆಚ್ಚು ಅಂಕ ತೆಗೆದವನೇ ಫೇಲು. ಫ್ರೀ ಎಂದರೆ ಅಂಕ, ಅರ್ಜೆಂಟ್ ಎಂದರೆ ಅಂಕ, ದೊಡ್ಡ ಅಕ್ಷರಕ್ಕೆ ಅಂಕ, ಉದ್ಗಾರಕ್ಕೆ ಅಂಕ. ಬಸಣ್ಣನ ದಲಾಲರು ರ‍್ಯಾಂಕ್ ಬಂದಂತೆ ಬಂದು ಸಾಲಾಗಿ ಠಾಣೆ ಸೇರುತ್ತಿದ್ದರು.

ಬಸಣ್ಣ ಫೋನ್ ಮಾಡಿದ. “ಏನ್ರೀ ನಿಮ್ಮ ಮಷೀನು? ಲಾರಿ ಫ್ರೀ ಐತಿ ಅಂದ್ರ ಲಾರಿ ಫ್ರೀ ಐತಿ ಅಂತನ ಬರೀಬೇಕಲ್ರಿ. ಮತ್ತೇನು, ಲಾರಿ ಮೋಕ್ಷಕ್ಕ ಹೋಗೈತಿ ಅಂತ ಬರೀಲೇನು?”

ಆತನ ಮೇಲ್‌ಗಳನ್ನು ತೆರೆದು ನೋಡಿದೆ. ಆಗಲೇ ನನ್ನ ತಲೆಯಲ್ಲಿ ದೀಪ ಹತ್ತಿತು. ಈಗ ನೆನೆದರೆ ಆ ದೀಪವನ್ನು ಊದಿ ಆರಿಸಬೇಕೆನಿಸುತ್ತದೆ. ಬಸಣ್ಣನಿಗೆ ಬಂದ ಪ್ರತಿ ಮೇಲಿನ ವಿಷಯದ ಸಾಲಿನಲ್ಲಿ ಮೊದಲು ಎರಡು ಗೆರೆ, ಶ್ರೀ, ಮತ್ತೆ ಎರಡು ಗೆರೆ. ಕಾಗದ ಬರೆಯುವಾಗ ನೆತ್ತಿಯ ಮೇಲೆ ಶ್ರೀಕಾರ ಹಾಕುತ್ತೇವಲ್ಲ, ಅದನ್ನು ಈ ಜನ ಇಂಗ್ಲಿಷ್ ಅಕ್ಷರಗಳಲ್ಲಿ ಮೇಲಿಗೂ ಹಾಕುತ್ತಿದ್ದರು. ಬರೀ ಲಾರಿಯವರಲ್ಲ. ಗರಗದ ನೂಲಿನ ವ್ಯಾಪಾರಿ, ಧಾರವಾಡದ ಸಾಲಿಯ ಗುಮಾಸ್ತರು, ಲಗ್ನಪತ್ರಿಕೆ ಮುದ್ರಿಸುವವರು, ನಮ್ಮ ಅರ್ಧ ಗಿರಾಕಿಗಳ ಮೇಲಿಗೂ ಶ್ರೀಕಾರವಿತ್ತು. ನಾನು ಯೋಚಿಸಿದೆ: ಸಮುದ್ರದಾಚೆ ಕುಳಿತು ಗುಳಿಗೆ ಮಾರುವವನು ಏನೆಲ್ಲ ನಕಲು ಮಾಡಿಯಾನು, ಶ್ರೀಕಾರ ಹಾಕಿ ಬರೆಯುತ್ತಾನೆಯೆ?

ಬೀಗರ ಪಟ್ಟಿಯಲ್ಲಿ ಒಂದೇ ಸಾಲು ಬರೆದೆ. ವಿಷಯದಲ್ಲಿ ಎಲ್ಲಿಯಾದರೂ ಶ್ರೀ ಇದ್ದರೆ ಒಳಗೆ ಬಿಡು. ಅಂಕವೂ ಬೇಡ, ತಪಾಸಣೆಯೂ ಬೇಡ.

ಮರುದಿನದಿಂದ ದೂರು ನಿಂತವು. ಬಸಣ್ಣ ಒಂದು ಪೊಟ್ಟಣ ಫೇಡೆ ತಂದುಕೊಟ್ಟ. ಯಾರದ್ದಾದರೂ ಮೇಲ್ ತಲುಪುತ್ತಿಲ್ಲ ಎಂದರೆ ನನ್ನ ಬಳಿ ಒಂದೇ ಔಷಧ: “ಮ್ಯಾಲ ಶ್ರೀ ಅಂತ ಹಾಕಾಕ ಹೇಳ್ರಿ, ಬರತೈತಿ.” ಠಾಣೆಯ ಪೆಟ್ಟಿಗೆ ತೆರೆದು ನೋಡುವುದನ್ನೇ ಬಿಟ್ಟೆ. ದಿನಕ್ಕೆ ಸಾವಿರಗಟ್ಟಲೆ ಕಸ ಬೀಳುತ್ತಿತ್ತು, ಯಾರು ಕೆದಕುತ್ತಾರೆ? ಹೊಸಮನಿ ಸರ್ ಒಮ್ಮೆ, “ಠಸ್ಸೆ ನೋಡಾಕತ್ತೀ ಹೌದಿಲ್ಲೋ?” ಎಂದು ಕೇಳಿದರು. “ಹೂಂ ಸರ್” ಎಂದೆ. ಸ್ವಂತ ಧ್ವನಿಯಲ್ಲಿ ಹೇಳಿದ ಸುಳ್ಳು ಅದು.

ಹೊಸಮನಿ ಸರ್ ಮಧ್ಯಾಹ್ನ ಊಟಕ್ಕೆ ಮನೆಗೆ ಹೋದರೆ ಒಂದು ನಿದ್ದೆ ಮುಗಿಸಿಯೇ ಬರುವವರು. ಆ ಎರಡು ತಾಸು ಫೋನು ನನ್ನದು. ಹುಡುಗನ ಧ್ವನಿ ಕೇಳಿದರೆ ಗಿರಾಕಿಗಳು ‘ಮ್ಯಾನೇಜರಿಗೆ ಕೊಡ್ರಿ’ ಎನ್ನುತ್ತಿದ್ದರು. ಅದಕ್ಕೇ ಒಂದು ಕೆಮ್ಮು ಕೆಮ್ಮಿ ನಾನೇ ಮ್ಯಾನೇಜರಾಗುತ್ತಿದ್ದೆ. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಗೊತ್ತಾಗುವುದಿಲ್ಲ ಎನ್ನುವುದೇ ನನಗೆ ಸಂಬಳಕ್ಕಿಂತ ಹೆಚ್ಚಿನದಾಗಿತ್ತು.

ಒಂದು ಬುಧವಾರ ಮಧ್ಯಾಹ್ನ ಆ ಫೋನು ಬಂತು.

“ನಾನು ಸತ್ತೂರಿನಿಂದ ಮಾಲತಿಬಾಯಿ ಮಾತಾಡ್ಲಿಕ್ಕತ್ತೇನ್ರಿ. ನನಗ ಮುಂಬಯಿಯಿಂದ ಒಂದು ಮೇಲ್ ಬರಬೇಕಾಗೇದ. ಬಂದದೇನ್ರಿ?”

ಧ್ವನಿ ಎಂದರೆ ಧ್ವನಿಯಲ್ಲ. ಎಣ್ಣೆ ಕಾಣದ ಬಾಗಿಲು. ಪ್ರತಿ ಮಾತಿನ ತುದಿಯಲ್ಲಿ ಅದು ಒಡೆದು ಬರೀ ಗಾಳಿಯಾಗುತ್ತಿತ್ತು. ನಾನು ಕೆಮ್ಮಿ, “ಏನಪಾ ಅಂದ್ರ ಬಾಯಾರ, ನೋಡ್ತೇನ್ರಿ” ಎಂದು ಆಕೆಯ ಪೆಟ್ಟಿಗೆ ನೋಡಿದೆ. ಇರಲಿಲ್ಲ. “ಬಂದಿಲ್ರಿ. ಅವರಿಗೆ ಮ್ಯಾಲ ಶ್ರೀ ಅಂತ ಹಾಕಾಕ ಹೇಳ್ರಿ, ಬರತೈತಿ.”

“ಶ್ರೀ?” ಎಂದರು ಆಕೆ. “ಮುಂಬಯಿ ಡಾಕ್ಟರಿಗೆ?”

“ಹೌದ್ರಿ. ನಮ್ಮ ಮಷೀನಿನ ಪದ್ಧತಿ.”

ಅಂದು ಸಂಜೆ ಚಹಾದ ಹೊತ್ತಿಗೆ ನಾನು ಆ ಧ್ವನಿಯನ್ನು ಎಲ್ಲರೆದುರು ಮಾಡಿ ತೋರಿಸಿದೆ. ಒಡೆಯುವುದು, ಗಾಳಿಯಾಗುವುದು, ಎಲ್ಲವೂ ಹಾಗೆ ಹಾಗೇ. ಹೊಸಮನಿ ಸರ್ ಚಹಾ ಚೆಲ್ಲಿಕೊಂಡು ನಕ್ಕರು. “ಯಾರದಪಾ ಇದು, ಹಳೇ ಗೇಟು ತಗದಂಗ ಐತಿ!”

ಗುರುವಾರ ಮತ್ತೆ ಫೋನು. ಅವರು ಕಳಿಸಿದ್ದಾರಂತೆ. ನಾನು ಕೆಮ್ಮಿ, ಬಂದಿಲ್ಲ ಎಂದೆ. ಮಷೀನು ಸುಳ್ಳು ಹೇಳುವುದಿಲ್ಲ ಎಂದೂ ಸೇರಿಸಿದೆ.

ಶುಕ್ರವಾರ ಮೂರನೆಯ ಸಲ. ಈ ಸಲ ಆಕೆ ನಿಧಾನವಾಗಿ, ಒಂದೊಂದೇ ಮಾತನ್ನು ಎತ್ತಿ ಇಡುವಂತೆ ಹೇಳಿದರು.

“ನೋಡ್ರಿ ಸಾಹೇಬರ, ನನ್ನ ಗಂಟಲಿನ್ಯಾಗ ಒಂದು ಗಂಟು ಆಗೇದ. ಅದರ ತುಣುಕು ತಗದು ಮುಂಬಯಿಗೆ ತಪಾಸಣಿಗೆ ಕಳಸ್ಯಾರ. ನಮ್ಮ ಡಾಕ್ಟರಿಗೆ ಮೇಲ್ ಇಲ್ಲಂತ ನನ್ನ ವಿಳಾಸ ಕೊಟ್ಟೇವ್ರಿ. ಸೋಮವಾರ ಮುಂಜಾನೆ ಆಪರೇಶನ್. ಮುಂಬಯಿಯವರು ಬರದಿದ್ದು, ಅವರು ಕಳಿಸಿದ ಚಿತ್ರ, ಎರಡೂ ನೋಡದೆ ನಮ್ಮ ಡಾಕ್ಟರು ಧೈರ್ಯ ಮಾಡಂಗಿಲ್ಲ. ಏನೂ ಬರಲಿಲ್ಲಂದ್ರ ಕೆಟ್ಟದ್ದು ಅಂತನ ತಿಳಕೊಂಡು ಧ್ವನಿಪೆಟ್ಟಿಗಿ ತಗೀತೇನಿ ಅಂದಾರ. ನಾ ಹಾಡು ಕಲಿಸೋಕಿ ಇದ್ದೇನ್ರಿ. ಮೂವತ್ತು ವರ್ಷ ಆತು. ಅವರು ಎರಡು ಸಲಾ ಕಳಿಸೇವಿ ಅಂತಾರ. ಇನ್ನೊಮ್ಮೆ ನೋಡ್ರಿ.”

ಹಳೇ ಗೇಟು ಎಂದು ನಾವು ನಕ್ಕಿದ್ದು ಈ ಗಂಟಿಗೆ. ‘ಬಾಯಾರ, ನಾನು ಮ್ಯಾನೇಜರಲ್ಲ’ ಎನ್ನಬೇಕಿತ್ತು. ಆದರೆ ಕೆಮ್ಮಿ ಶುರು ಮಾಡಿಬಿಟ್ಟಿದ್ದೆ, ನಡುವೆ ಧ್ವನಿ ಬದಲಿಸುವುದು ಹೇಗೆ? ಬೇರೆಯವರ ಅಂಗಿ ಹಾಕಿಕೊಂಡು ಬೀದಿಗೆ ಬಂದವನು ಬೀದಿಯಲ್ಲಿ ಬಿಚ್ಚಲಾರ. ಅದೇ ಧ್ವನಿಯಲ್ಲಿ, “ನೋಡ್ತೇನ್ರಿ” ಎಂದೆ.

ನೋಡಿದೆ ಕೂಡ. ಆಕೆ ಹೇಳಿದ ಲ್ಯಾಬಿನ ಹೆಸರನ್ನು ಠಾಣೆಯಲ್ಲಿ ಹುಡುಕಿದೆ, ಸಿಗಲಿಲ್ಲ. ಶ್ರೀ ಎಂದು ಹುಡುಕಿದೆ, ಠಾಣೆಯಲ್ಲಿ ಶ್ರೀ ಇರುವುದಾದರೂ ಹೇಗೆ, ನಾನೇ ಬಿಡುಗಡೆ ಮಾಡಿದ್ದೆನಲ್ಲ. ಆಕೆಯ ಹೆಸರನ್ನೇ ಹುಡುಕಬೇಕೆಂದು ಹೊಳೆಯಲಿಲ್ಲ. ಸಾವಿರಾರು ಮೇಲ್‌ಗಳನ್ನು ಒಂದೊಂದಾಗಿ ನೋಡುವುದು ಬಾಕಿ ಇತ್ತು. ಐದು ಗಂಟೆಯವರೆಗೆ ಸ್ವಲ್ಪ ನೋಡಿ, ಕಣ್ಣು ನೋಯಿತೆಂದು ಕೆಳಗೆ ಇಳಿದು ಗಿರಮಿಟ್ ತಿಂದೆ. ಇದನ್ನು ಬಿಟ್ಟು ಬರೆಯಬಹುದಿತ್ತು. ಬಿಡಬಾರದೆಂದು ಬರೆದಿದ್ದೇನೆ.

ಶನಿವಾರ ಬೆಳಿಗ್ಗೆ ಆಫೀಸಿನ ಬೀಗ ತೆಗೆಯುವಷ್ಟರಲ್ಲಿ ಫೋನು ಹರಿದುಹೋಗುವಂತೆ ಬಡಿದುಕೊಳ್ಳುತ್ತಿತ್ತು. ಲಗ್ನಪತ್ರಿಕೆಯವರು, ಗರಗದವರು, ಸಾಲಿಯವರು, ಎಲ್ಲರದೂ ಒಂದೇ ಕೂಗು. ಪೆಟ್ಟಿಗೆ ತುಂಬ ಮೇಲ್. ಎಲ್ಲದರ ವಿಷಯವೂ ‘ರೀ: ಶ್ರೀ’, ಯಾವುದೋ ಹಳೆಯ ಶ್ರೀಗೆ ಉತ್ತರ ಬಂದಂತೆ. ತೆರೆದರೆ ಏನೂ ಇಲ್ಲ, ಒಂದು ಫೈಲು ಅಂಟಿಕೊಂಡಿದೆ. ಫೈಲು ಒತ್ತಿದರೆ ಕಂಪ್ಯೂಟರು ಮಂಕು ಬಡಿದಂತೆ ಕೂರುತ್ತದೆ.

ವೈರಸ್. ಅದು ಕಳ್ಳದಾರಿಯಲ್ಲಿ ಬಂದಿದ್ದಲ್ಲ, ಬೀಗರ ಬಾಗಿಲಿನಿಂದಲೇ ಬಂದಿತ್ತು. ಬಸಣ್ಣ ಯಾರೋ ಕಳಿಸಿದ ಲಾರಿಯ ಚಿತ್ರವೆಂದು ಏನನ್ನೋ ಒತ್ತಿದ್ದ. ಆ ಹುಳ ಆತನ ಪೆಟ್ಟಿಗೆಯಲ್ಲಿದ್ದ ಹಳೆಯ ಮೇಲ್‌ಗಳನ್ನೆಲ್ಲ ತೆಗೆದು, ವಿಷಯದ ಸಾಲನ್ನು ಹಾಗೇ ಇಟ್ಟುಕೊಂಡು, ಕಳಿಸಿದವರಿಗೆಲ್ಲ ಉತ್ತರ ಬರೆದಿತ್ತು. ಪ್ರತಿ ಉತ್ತರದ ನೆತ್ತಿಯ ಮೇಲೂ ಶ್ರೀಕಾರ. ಅವರಲ್ಲಿ ನಮ್ಮ ಗಿರಾಕಿಗಳಾದವರು ಒತ್ತಿದರು, ಅವರ ಕಂಪ್ಯೂಟರಿನಿಂದ ಮತ್ತೆ ಶ್ರೀಕಾರ. ಗುಳಿಗೆ ಮಾರುವವನು ಶ್ರೀ ಎಂದು ಬರೆಯುವುದಿಲ್ಲ ಎಂದಿದ್ದೆ. ನಿಜ, ಬರೆಯಲಿಲ್ಲ. ನಾವೇ ಬರೆದುಕೊಟ್ಟಿದ್ದೆವು.

ಹೊಸಮನಿ ಸರ್ ನನ್ನ ಬೀಗರ ಪಟ್ಟಿಯ ಸಾಲನ್ನು ಪರದೆಯ ಮೇಲೆ ಓದಿದರು. ಕೆಮ್ಮಲಿಲ್ಲ. “ಶ್ರೀ ನೋಡಿ ಬಿಡಾಕತ್ತಿದ್ದೇನು?” ಎಂದು ಮೆಲ್ಲಗೆ ಕೇಳಿದರು. ಬೈದಿದ್ದರೆ ಆ ಬೈಗುಳವನ್ನಾದರೂ ಮರುದಿನ ಮಿಮಿಕ್ರಿ ಮಾಡಬಹುದಿತ್ತು. ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ಕುಳಿತು, “ಶ್ರೀ ಅಳಿಸು. ಒಳಗ ಬಂದಿದ್ದು, ಠಾಣೇದಾಗ ಇದ್ದಿದ್ದು, ಎಲ್ಲಾ ತಗಿ. ಒಂದೊಂದರದೂ ಠಸ್ಸೆ ಓದೋಣು. ಲಕೋಟಿ ಓದು, ಒಳಗಿನ ಕಾಗದ ಓದಬ್ಯಾಡ. ಅದು ಮಂದೀದು” ಎಂದರು.

ಓದತೊಡಗಿದೆವು. ಬಾಗಿಲಿಗೆ ಬಂದ ಯಂತ್ರದ ನಂಬರನ್ನು ನಾನು ಹೇಳುವುದು, ಅವರು ಪೆನ್ಸಿಲಿನಲ್ಲಿ ಬರೆದುಕೊಳ್ಳುವುದು. ಮೂವತ್ತು ವರ್ಷ ಕಾಗದ ವಿಂಗಡಿಸಿದ ಮನುಷ್ಯ, ನನ್ನ ಬೆರಳಿಗಿಂತ ಅವರ ಪೆನ್ಸಿಲು ಮುಂದಿರುತ್ತಿತ್ತು. ಮಧ್ಯಾಹ್ನ ಊಟಕ್ಕೂ ಏಳಲಿಲ್ಲ, ನಿದ್ದೆಯನ್ನಂತೂ ಮರೆತರು. ಮೂರು ಗಂಟೆಯ ಸುಮಾರಿಗೆ ಠಾಣೆಯ ಪೆಟ್ಟಿಗೆಯ ಮಧ್ಯದಲ್ಲಿ, ಬುಧವಾರದ ತಾರೀಖಿನಡಿ, ಒಂದು ಹೆಸರು ಕಂಡಿತು. ಯಾರಿಗೆ ಎಂಬಲ್ಲಿ: ಮಾಲತಿಬಾಯಿ.

ಎದೆ ಒಮ್ಮೆ ನಿಂತು ಹೊರಟಿತು. ಅದರ ಕೆಳಗೆ ಗುರುವಾರದ್ದು ಇನ್ನೊಂದು. ಎರಡೂ ಸಲ ಬಾಗಿಲಿಗೆ ಬಂದ ಯಂತ್ರ ಒಂದೇ, ನಂಬರು ಮುಂಬಯಿಯದು. ಕಳಿಸಿದವರ ಜಾಗದಲ್ಲಿ ಲ್ಯಾಬಿನ ಹೆಸರಿಲ್ಲ, ಡಾಕ್ಟರರ ಸ್ವಂತ ಹೆಸರು, ಅದಕ್ಕೇ ನಿನ್ನೆ ಸಿಕ್ಕಿರಲಿಲ್ಲ. ಯಾಕೆ ಹಿಡಿದೆ ಎಂಬುದನ್ನೂ ಪ್ರೋಗ್ರಾಮು ಹೆಡರಿನಲ್ಲೇ ಬರೆದಿಟ್ಟಿತ್ತು, ಪೊಲೀಸರು ಪಂಚನಾಮೆ ಬರೆದಂತೆ. ವಿಷಯದ ಸಾಲು ಇಡೀ ದೊಡ್ಡ ಅಕ್ಷರದಲ್ಲಿದೆ, ಅಂಕ. ದೊಡ್ಡ ಚಿತ್ರ ಅಂಟಿದೆ, ಅಂಕ. ಗಂಡಸರ ಗುಳಿಗೆಯ ಹೆಸರಿದೆ, ಭಾರೀ ಅಂಕ.

“ಗುಳಿಗೀನ?” ಎಂದರು ಹೊಸಮನಿ ಸರ್. “ಆ ಹೆಣ್ಣುಮಗಳಿಗೆ ಡಾಕ್ಟರು ಗುಳಿಗಿ ಮಾರಾಕತ್ತಾರೇನು?”

ವಿಷಯದ ಸಾಲು ಓದಿದೆ. ತಜ್ಞರ ಅಭಿಪ್ರಾಯ ಎಂದು ಇಂಗ್ಲಿಷಿನಲ್ಲಿ, ಶ್ರೀಕಾರವಿಲ್ಲದೆ. ಮತ್ತೆ ಓದಿದೆ. ಸ್ಪೆಷಲಿಸ್ಟ್ ಎಂಬ ಪದವನ್ನು ಇಂಗ್ಲಿಷಿನಲ್ಲಿ ಬರೆದು ನೀವೇ ನೋಡಿ. ಅದರ ಹೊಟ್ಟೆಯೊಳಗೆ ಆ ಗುಳಿಗೆಯ ಹೆಸರು ಆರಕ್ಕೆ ಆರೂ ಅಕ್ಷರ ಸರಿಯಾಗಿ, ಒಂದೂ ಆಚೀಚೆ ಆಗದೆ ಕುಳಿತಿದೆ. ಒಬ್ಬಳ ಧ್ವನಿ ಉಳಿಯುತ್ತದೋ ಇಲ್ಲವೋ ಎಂದು ಬರೆದ ಕಾಗದ ಮೂರು ದಿನ ಸೆಕೆಯಾಗಿದ್ದ ಆ ಹೆಣ್ಣಿನ ಚಿತ್ರದ ಪಕ್ಕ, ಗುಳಿಗೆಯವರ ನಡುವೆ ಮಲಗಿತ್ತು. ಎಲ್ಲ ಕಾರಣವೂ ಹೆಡರಿನಲ್ಲಿ ಬರೆದಿತ್ತು. ನಾನು ತೆರೆದಿರಲಿಲ್ಲ.

ಹೊಸ ಹುಡುಗರೇ, ನನ್ನ ಬದುಕಿನ ಮೊದಲ ಸರಿಯಾದ ಬೀಗರ ಸಾಲನ್ನು ನಾನು ಆಗ ಬರೆದೆ. ಲಕೋಟೆಯ ಮೇಲಿನ ಕಳಿಸಿದವರ ವಿಳಾಸ ಇದಾಗಿರಬೇಕು, ಜೊತೆಗೆ ನಮ್ಮ ಬಾಗಿಲಿಗೆ ಬಂದ ಯಂತ್ರದ ನಂಬರೂ ಇದೇ ಆಗಿರಬೇಕು. ಎರಡೂ ಕೂಡಿದರೆ ಮಾತ್ರ ಬಿಡು. ಹೆಸರೊಂದೇ ಸಾಲದು, ವಿಷಯವಂತೂ ಬೇಡವೇ ಬೇಡ. ಆಮೇಲೆ ಹನ್ನೊಂದು ವರ್ಷ ಇದೇ ಕ್ರಮದಲ್ಲಿ ಬರೆದೆ. ದಿನವೂ ಬೆಳಿಗ್ಗೆ ಚಹಾಕ್ಕಿಂತ ಮೊದಲು ಠಾಣೆಯ ಪೆಟ್ಟಿಗೆ ತೆರೆದೆ.

ಮೇಲ್ ಬಿಡುಗಡೆ ಮಾಡಿದೆವು. ಆದರೆ ಆಕೆ ಮನೆಯಿಂದ ಫೋನ್ ಲೈನಿನಲ್ಲಿ ಇಂಟರ್ನೆಟ್ ಜೋಡಿಸಿಕೊಂಡಾಗ ಮಾತ್ರ ಅದು ಕಾಣುವುದು. ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಹೊಸಮನಿ ಸರ್ ಕೈಗಡಿಯಾರ ನೋಡಿದರು. “ಅಚ್ಚು ಹಾಕು. ಹಾಕುವಾಗ ಓದಬ್ಯಾಡ.” ನಾನು ಪ್ರಿಂಟರಿಗೆ ಬೆನ್ನು ತಿರುಗಿಸಿ ನಿಂತೆ. ಅವರು ಕಾಗದವನ್ನು ಬೋರಲಾಗಿಯೇ ತೆಗೆದು, ಮಡಚಿ, ಲಕೋಟೆಗೆ ಹಾಕಿ, ಅಂಟಿಸಿ, ಅಭ್ಯಾಸಬಲದಿಂದ ಆಫೀಸಿನ ಠಸ್ಸೆಯನ್ನೂ ಒತ್ತಿದರು. ಅವರ ಸ್ಕೂಟರಿನ ಹಿಂದೆ ಕುಳಿತು ಸತ್ತೂರಿಗೆ ಹೊರಟೆ. ದಾರಿಯುದ್ದಕ್ಕೂ ಲಕೋಟೆ ನನ್ನ ಅಂಗಿಯೊಳಗಿತ್ತು. ಒಳಗೆ ಒಳ್ಳೆಯದಿದೆಯೋ ಕೆಟ್ಟದ್ದೋ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಮಾಲತಿಬಾಯಿ ಬಾಗಿಲು ತೆರೆದರು. ಐವತ್ತೈದರ ಆಸುಪಾಸಿನ, ಎತ್ತರದ ಹೆಂಗಸು. ಒಳಗೆ ಚಾಪೆಯ ಮೇಲೆ ಎರಡು ತಂಬೂರಿ, ಗವಸು ಹಾಕಿ ಮಲಗಿಸಿದ್ದರು. ಫೋನು ಬಡಿದದ್ದು ಕೇಳಿಸಿತ್ತಂತೆ, ಡಾಕ್ಟರು ಇವತ್ತಿನಿಂದ ಮಾತಾಡಬೇಡ ಎಂದಿದ್ದಕ್ಕೆ ಎತ್ತಿರಲಿಲ್ಲವಂತೆ. ಹೊಸಮನಿ ಸರ್ ಲಕೋಟೆ ಕೊಟ್ಟರು. ಆಕೆ ನಿಂತಲ್ಲೇ ಒಡೆದು ಓದಿದರು. ಒಮ್ಮೆ ಓದಿ, ಕನ್ನಡಕ ಒರೆಸಿ, ಮತ್ತೊಮ್ಮೆ ಓದಿದರು. ನಾನು ಅಷ್ಟು ಹೊತ್ತೂ ತಂಬೂರಿಯ ಗವಸಿನ ಹೊಲಿಗೆ ಎಣಿಸುತ್ತಿದ್ದೆ.

“ಸಾದಾ ಗಂಟಂತ” ಎಂದರು ಕೊನೆಗೆ, ಗಾಳಿಯ ಧ್ವನಿಯಲ್ಲಿ. “ಕೆರದು ತಗದ್ರ ಸಾಕಂತ. ಪೆಟ್ಟಿಗಿ ಮುಟ್ಟೋ ಕಾರಣ ಇಲ್ಲಂತ.”

ಕಾಗದ ಹಿಡಿದುಕೊಂಡೇ ಚಾಪೆಯ ಮೇಲೆ ಕುಳಿತರು. ಹೊಸಮನಿ ಸರ್ ಗೋಡೆಗೆ ಒರಗಿದರು. ಆಮೇಲೆ ಕೈಮುಗಿದರು.

“ಬಾಯಾರ, ಇದು ಬುಧವಾರನ ಬಂದಿತ್ತು. ನಮ್ಮ ಮಷೀನು ಹಿಡಿದು ಕೂಡಿಸಿತ್ತು. ತಪ್ಪು ನಮ್ಮದು.”

“ಮೂರು ದಿವಸ ನೀವ ಬಂದಿಲ್ಲ ಅಂದ್ರಿ.”

“ನಾನು? ನಿಮ್ಮ ಜೋಡಿ ನಾನು ಮಾತಾಡಾಕತ್ತಿದ್ದು ಇವತ್ತ ಮೊದಲ.”

ಆಕೆ ತಲೆ ಓರೆ ಮಾಡಿದರು. ಪಾಠದ ಹೊತ್ತಿನಲ್ಲಿ ಶಿಷ್ಯರ ಅಪಸ್ವರ ಕೇಳಿದಾಗ ಹಾಗೆ ಮಾಡುತ್ತಿರಬೇಕು. “ಅದಕ್ಕ ನನಗ ಸಂಶಯ ಬಂದಿತ್ತು. ಈಗ ನೀವು ಮಾತಿನ ನಡುವ ಎರಡು ಸಲಾ ಉಸಿರು ತಗೊಂಡ್ರಿ. ಫೋನಿನ್ಯಾಗ ಇದ್ದವರು ಒಂದ ಉಸಿರಿನ್ಯಾಗ ಪೂರಾ ಹೇಳಿ ಮುಗಸ್ತಿದ್ರು. ಧ್ವನಿ ಇಷ್ಟು ವಯಸ್ಸಿಂದು, ಎದಿ ಅಷ್ಟು ಹರೇದ್ದು, ಹೆಂಗ ಕೂಡ್ತದ ಅಂತ.”

ನನ್ನ ಹೆಡರನ್ನು ಆಕೆ ಮೊದಲ ದಿನವೇ ಓದಿದ್ದರು. ಹೊಸಮನಿ ಸರ್ ನನ್ನತ್ತ ತಿರುಗಿದರು. ಮುಖದಲ್ಲಿ ಸಿಟ್ಟಿರಲಿಲ್ಲ. ಗುಳಿಗೆಯ ಮೇಲಿನಲ್ಲಿ ತಮ್ಮದೇ ಹೆಸರು ನೋಡಿದ ದಿನದ ಅದೇ ದಿಗಿಲು ಇತ್ತು.

“ಪರಶ್ಯಾ. ನೀನೇನು?”

“ಹೌದ್ರಿ ಸರ್.”

“ನನ್ನ ಹೆಸರ್ಲೆ?”

“ಹೌದ್ರಿ.”

ಅವರು ಆಕೆಯತ್ತ ತಿರುಗಿದರು. ಆಮೇಲೆ, ಈ ಮನೆಯಲ್ಲಿ ಇನ್ನು ಏನನ್ನೂ ಬಚ್ಚಿಡಬಾರದು ಎಂದೇನೋ, ತಾವೂ ಒಪ್ಪಿಕೊಂಡರು. “ಬಾಯಾರ, ಇನ್ನೊಂದು ಹೇಳಿಬಿಡ್ತೇನ್ರಿ. ಇಂವ ನಿಮ್ಮ ಧ್ವನಿನೂ ಮಾಡಿ ತೋರಿಸಿದ. ಯಾಕ ಹಂಗ ಆಗೇತಿ ಅಂತ ಗೊತ್ತಿರಲಿಲ್ಲ. ನಾನೂ ನಕ್ಕೆ.”

ಮಾಲತಿಬಾಯಿ ಮಡಚಿದ ಕಾಗದವನ್ನು ಪಕ್ಕಕ್ಕಿಟ್ಟು, ಚಾಪೆಯ ಇನ್ನೊಂದು ತುದಿ ತೋರಿಸಿದರು. “ಕೂಡು ಇಲ್ಲೆ.”

ಕುಳಿತೆ.

“ಮಾಡು. ನನ್ನ ಧ್ವನಿ. ನಾನೂ ಕೇಳ್ತೇನಿ.”

ಬಾಯಿ ತೆರೆದೆ. ಮನೆಗೆ ಬಂದವರು ಮೆಟ್ಟಿಲು ಇಳಿಯುವ ಮೊದಲೇ ಅವರ ಮಾತು ಕಲಿಯುತ್ತಿದ್ದವನು ನಾನು. ಗಂಟಲಿನಲ್ಲಿ ಏನೂ ಇರಲಿಲ್ಲ. ಹೊಸಮನಿ ಸರ್ ಕೆಮ್ಮೂ ಇರಲಿಲ್ಲ, ನನ್ನದೂ ಇರಲಿಲ್ಲ. ಎರಡು ಸಲ ತೆರೆದು ಎರಡು ಸಲ ಮುಚ್ಚಿದೆ.

ಆಕೆ ಸ್ವಲ್ಪ ಹೊತ್ತು ಕಾದರು. ಆಮೇಲೆ ಆ ಒಡೆದ ಧ್ವನಿಯಲ್ಲೇ, ಒಂದೊಂದು ಮಾತಿಗೂ ಉಸಿರು ತೆಗೆದುಕೊಂಡು ಹೇಳಿದರು:

“ಯಾಕಪಾ, ಬರವಲ್ತೇನು? ಮ್ಯಾಲ ಶ್ರೀ ಅಂತ ಹಾಕು. ಬರ್ತದ.”